ಹುಲ್ಲಿನ ಮೇಲೆ ತಲೆ ಓರೆಮಾಡಿ ನಿಂತ ಹಕ್ಕಿ

ಬೆಳಗಾವಿಯ ವ್ಯಾಕ್ಸಿನ್ ಡಿಪೋದಂಥ ಮರಗಳಿರುವ ಮೈದಾನಕ್ಕೆ ಮಳೆ ನಿಂತ ಮುಂಜಾನೆ ಹೋಗಿ ಸುಮ್ಮನೆ ಕುಳಿತುಕೊಳ್ಳಿ. ಗೊರವಂಕ ನಡೆಯುತ್ತದೆ, ಮಡಿವಾಳ ಕುಪ್ಪಳಿಸಿ ಬಾಲವೆತ್ತುತ್ತದೆ. ಮರದಡಿಯ ನೆರಳಿನಲ್ಲಿ ಕಿತ್ತಳೆ ತಲೆ, ನೀಲಿಬೂದು ಬೆನ್ನು, ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆಗಳುಳ್ಳ ಹಕ್ಕಿ ಕಂಡರೆ ಅದೇ ನೆಲಸಿಳ್ಳಾರ. ನಾಲ್ಕು ಹೆಜ್ಜೆ ಹಾಕಿ, ತಟ್ಟನೆ ನಿಂತು, ತಲೆ ಓರೆಮಾಡುತ್ತದೆ. ಏಕೆ? ಇದೇ ಬಳಗದ ಅಮೆರಿಕದ ರಾಬಿನ್ ಹಕ್ಕಿ, ಮಣ್ಣಿನೊಳಗಿನ ಹುಳುವನ್ನು ಕಣ್ಣಿಗೆ ಕಾಣದಿದ್ದರೂ ಕಿವಿಯಿಂದ ಪತ್ತೆಹಚ್ಚಬಲ್ಲದೆಂದು ೧೯೯೭ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಸ್ವೀಡನ್ನರು ರಾಷ್ಟ್ರಪಕ್ಷಿಯೆಂದು ಆರಿಸಿಕೊಂಡ ಕರಿಸಿಳ್ಳಾರವೂ ಅಲ್ಲಿನ ಹುಲ್ಲುಹಾಸುಗಳಲ್ಲಿ ಹೀಗೆಯೇ ಓಡಿ ನಿಲ್ಲುತ್ತದೆ.

ಖಾನಾಪುರದ ಕಡೆ, ಭೀಮಗಡ ಕಾಡಿನ ಹಳ್ಳಗಳ ಬಳಿ ಬೆಳಗಿನ ಜಾವ ತುಂಟ ಹುಡುಗನೊಬ್ಬ ಶಿಳ್ಳೆ ಹಾಕಿದಂತೆ ಕೇಳಿಸಿದರೆ, ಅದು ಸರಳೆ ಸಿಳ್ಳಾರ. ಹೆಸರು ಸಿಳ್ಳಾರವಾದರೂ ಅದನ್ನೂ ಮಡಿವಾಳವನ್ನೂ ವಿಜ್ಞಾನಿಗಳು ಈಗ ನೊಣಹಿಡುಕಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕದಲ್ಲಿ ಬೇರೆ ಇದ್ದರೆ ಗಾಬರಿಯಾಗಬೇಡಿ!

ನೆಲಸಿಳ್ಳಾರದ ಊಟವಿರುವುದು ತರಗೆಲೆಯ ಕೆಳಗೆ. ಕೊಕ್ಕಿನಿಂದ ಎಲೆ ತಿರುವಿಹಾಕಿ ಹುಳು ಹೆಕ್ಕುತ್ತದೆ. ನಾವೋ ಆ ಎಲೆಯನ್ನು ಗುಡಿಸಿ ಬೆಂಕಿ ಹಚ್ಚುತ್ತೇವೆ. ನಿಮ್ಮ ಕಾಲೇಜಿನ ತೋಟದ ಒಂದು ಮೂಲೆಯನ್ನು ಗುಡಿಸದೆ ಬಿಡುವಂತೆ ಮಾಲಿಯವರನ್ನು ಕೇಳಿಕೊಳ್ಳಿ. ಅಲ್ಲಿ ಎಷ್ಟು ಹಕ್ಕಿ ಬಂದವು, ಗುಡಿಸಿದ ಕಡೆ ಎಷ್ಟು ಬಂದವು ಎಂಬುದನ್ನು ದಿನಾಂಕದೊಡನೆ ಬರೆದಿಡಿ.