ಹಿಟ್ಟಿನ ಕೋಳಿ ಕೂಗಿದ್ದೇಕೆ?

‘ಯಶೋಧರನ ಪಾತ್ರವನ್ನು ವಿಮರ್ಶಿಸಿ.’ ಹಳಗನ್ನಡ ಓದಿದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರಗಳೂ ಬಹುಮಟ್ಟಿಗೆ ಒಂದೇ ಅಚ್ಚಿನವು. ಯಶೋಧರ ಧರ್ಮಭೀರು, ತಾಯಿ ಚಂದ್ರಮತಿ ಮೂಢನಂಬಿಕೆಯವಳು, ಅಮೃತಮತಿ ಶೀಲಗೆಟ್ಟವಳು, ಮಾರಿದತ್ತ ಕ್ರೂರಿ, ಅಭಯರುಚಿ–ಅಭಯಮತಿಯರು ಪುಣ್ಯಾತ್ಮರು. ಅಂಕಗಳಿಗೆ ಇಷ್ಟು ಸಾಕು. ಆದರೆ ಮನಸ್ಸಿಟ್ಟು ಓದಿದ ವಿದ್ಯಾರ್ಥಿ ಇಷ್ಟಕ್ಕೇ ನಿಲ್ಲಲಾರ. ‘ಕಡಿದದ್ದು ಹಿಟ್ಟಿನ ಕೋಳಿ. ಒಂದು ಹನಿ ರಕ್ತವೂ ಹರಿಯಲಿಲ್ಲ. ಅಷ್ಟಕ್ಕೇ ಜನ್ಮಜನ್ಮಾಂತರದ ಯಾತನೆಯೇ? ಇದು ಯಾವ ನ್ಯಾಯ?’ ಎಂದು ಕೇಳಿಯೇ ಕೇಳುತ್ತಾನೆ. ಈ ಪ್ರಶ್ನೆಯನ್ನು ಉದ್ಧಟತನವೆಂದು ಗದರಿಸಿದರೆ ಕಾವ್ಯದ ಬಾಗಿಲನ್ನೇ ಮುಚ್ಚಿದಂತೆ.

ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಕವಿಚಕ್ರವರ್ತಿ ಜನ್ನ ‘ಯಶೋಧರ ಚರಿತೆ’ಯನ್ನು ರಚಿಸಿದ್ದು 1209ರಲ್ಲಿ. ಸಂಸ್ಕೃತದಲ್ಲಿ ವಾದಿರಾಜ ಹೇಳಿದ್ದ ಕಥೆಯನ್ನು ಆತ ನಾಲ್ಕು ಅವತಾರಗಳ ಪುಟ್ಟ ಕಾವ್ಯವಾಗಿ ಕನ್ನಡಕ್ಕೆ ತಂದ. ಉಜ್ಜಯಿನಿಯ ಅರಸ ಯಶೋಧರ. ಅವನ ರಾಣಿ ಅಮೃತಮತಿ ಒಂದು ರಾತ್ರಿ ಕೇಳಿಬಂದ ಗಾನಕ್ಕೆ ಮನಸೋತು, ಹಾಡಿದ ಕುರೂಪಿ ಮಾವುತನಲ್ಲಿ ಅನುರಕ್ತಳಾಗುತ್ತಾಳೆ. ಅವಳ ಬೆನ್ನು ಹತ್ತಿ ಹೋದ ಅರಸ ಕಣ್ಣಾರೆ ಕಂಡು ಕತ್ತಿಯೆತ್ತುತ್ತಾನೆ, ಮರುಕ್ಷಣ ತಡೆದುಕೊಂಡು ಮರಳುತ್ತಾನೆ. ಮಗನ ಬಾಡಿದ ಮುಖ ಕಂಡು ತಾಯಿ ಕಾರಣ ಕೇಳಿದಾಗ ಕೆಟ್ಟ ಕನಸಿನ ನೆಪ ಹೇಳುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಜೀವಬಲಿಯನ್ನು ಒಲ್ಲದ ಮಗ ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪುತ್ತಾನೆ. ಕತ್ತಿ ಬಿದ್ದೊಡನೆ ಆ ಕೋಳಿ ಕೂಗುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತೆನ್ನುತ್ತದೆ ಕಥೆ. ಆ ಕೂಗಿಗೆ ಅರಸನ ಎದೆ ನಡುಗುತ್ತದೆ. ಮುಂದೆ ರಾಣಿಯ ವಿಷಾನ್ನಕ್ಕೆ ತಾಯಿ–ಮಗ ಇಬ್ಬರೂ ಬಲಿಯಾಗಿ, ನವಿಲು ಮತ್ತು ನಾಯಿಯ ಜನ್ಮದಿಂದ ಮೊದಲ್ಗೊಂಡು ತಿರ್ಯಗ್ಯೋನಿಗಳಲ್ಲಿ ತೊಳಲುತ್ತಾರೆ.

ವಿದ್ಯಾರ್ಥಿಯ ಆಕ್ಷೇಪಕ್ಕೆ ಮೊದಲ ಸಮಾಧಾನ ಕರ್ಮಸಿದ್ಧಾಂತದಲ್ಲಿದೆ. ಜೈನದರ್ಶನದಲ್ಲಿ ಕರ್ಮಫಲವೆಂಬುದು ಮೇಲೆ ಕುಳಿತ ನ್ಯಾಯಾಧೀಶ ವಿಧಿಸುವ ದಂಡನೆಯಲ್ಲ. ಬಿತ್ತಿದ ಬೀಜ ತನ್ನ ಜಾತಿಗೆ ತಕ್ಕ ಬೆಳೆ ಕೊಡುತ್ತದೆ, ಅಷ್ಟೆ. ಹಾಗಾದರೆ ಯಶೋಧರ ಬಿತ್ತಿದ್ದೇನು? ಆಚಾರ್ಯರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ಎರಡಾಗಿ ಕಂಡರು. ಪ್ರಾಣಹರಣ ದ್ರವ್ಯಹಿಂಸೆ, ಒಳಗೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಕೆರಳುವುದು ಭಾವಹಿಂಸೆ. ಎದುರಿನ ಜೀವಕ್ಕೆ ಪೆಟ್ಟು ತಗಲುವ ಮೊದಲೇ ಎತ್ತಿದವನ ಆತ್ಮಕ್ಕೆ ಪೆಟ್ಟು ಬಿದ್ದಿರುತ್ತದೆ.

ಇದು ಪಂಡಿತರಿಗೆ ಮಾತ್ರ ನಿಲುಕುವ ಮಾತಲ್ಲ. ಸಿಂದಗಿ ತಾಲ್ಲೂಕಿನ ಮೋರಟಗಿಯಂತಹ ಊರಿನ ಒಕ್ಕಲು ಮನೆಯ ವಿದ್ಯಾರ್ಥಿ ಇದನ್ನು ತನ್ನ ಹೊಲದಲ್ಲೇ ನಿಂತು ತಿಳಿಯಬಹುದು. ಎರೆಹೊಲದಲ್ಲಿ ಕುಂಟೆ ಹೊಡೆಯುವಾಗ ಮಣ್ಣೊಳಗಿನ ಎಷ್ಟು ಹುಳುಗಳು ಸಾಯುತ್ತವೆಂಬ ಲೆಕ್ಕವುಂಟೆ? ಯಶೋಧರನ ಕೈಯಲ್ಲಿ ಸತ್ತದ್ದು ಒಂದೂ ಇಲ್ಲ. ಹಾಗೆಂದ ಮಾತ್ರಕ್ಕೆ ಒಕ್ಕಲಿಗ ಪಾಪಿ, ಅರಸ ನಿರ್ದೋಷಿಯೆ? ಇದೇ ಯಶೋಧರನ ಕಥೆಯನ್ನು ಜನ್ನನಿಗಿಂತ ಎರಡೂವರೆ ಶತಮಾನ ಮೊದಲು, 959ರಲ್ಲಿ, ‘ಯಶಸ್ತಿಲಕ ಚಂಪು’ವಾಗಿ ಬರೆದ ಸೋಮದೇವಸೂರಿ ಬೇಸಾಯಗಾರನನ್ನೂ ಬೆಸ್ತನನ್ನೂ ಅಕ್ಕಪಕ್ಕ ನಿಲ್ಲಿಸುತ್ತಾನೆ. ಉಳುವವನಿಂದ ಜೀವಿಗಳು ಸತ್ತರೂ ಅವನ ಮನಸ್ಸು ಬೆಳೆಯಲ್ಲಿದೆ. ಬಲೆ ಬೀಸಿದವನಿಗೆ ಒಂದು ಮೀನೂ ಸಿಗದಿದ್ದರೂ ಅವನ ಮನಸ್ಸು ಕೊಲ್ಲುವುದರಲ್ಲಿದೆ. ಶ್ರಾವಕಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ಎಣಿಸುವುದು ಈ ವಿವೇಕದಿಂದಲೇ. ಅಡುಗೆಮನೆಯ, ಹೊಲದ, ಆತ್ಮರಕ್ಷಣೆಯ ಹಿಂಸೆಯನ್ನು ಗೃಹಸ್ಥನು ಎಚ್ಚರದಿಂದ ಕಡಿಮೆ ಮಾಡಿಕೊಳ್ಳಬೇಕು. ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಹಿಂಸೆಯನ್ನು ಪೂರ್ಣವಾಗಿ ತೊರೆಯಬೇಕು. ಹಿಟ್ಟಿನ ಕೋಳಿಯ ಕೊರಳಿಗೆ ಬಿದ್ದದ್ದು ಈ ಸಂಕಲ್ಪದ ಕತ್ತಿ.

ಈ ಬೆಳಕಿನಲ್ಲಿ ಯಶೋಧರನನ್ನು ಮತ್ತೊಮ್ಮೆ ನೋಡಬೇಕು. ರಾತ್ರಿ ಅವನ ಕೈಯಲ್ಲಿದ್ದದ್ದು ಕತ್ತಿ. ಅದನ್ನು ತಡೆದ ಸಂಯಮ ದೊಡ್ಡದೇ. ಬೆಳಗಾದ ಮೇಲೆ ವಿನೋದದ ನೆಪದಲ್ಲಿ ರಾಣಿಯನ್ನು ನೈದಿಲೆಯಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ನಟಿಸುತ್ತಾಳೆ. ಅನಂತರ ಬಲಿಪೀಠದಲ್ಲಿ ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕತ್ತಿ ಹೂವಾಯಿತು, ಜೀವ ಹಿಟ್ಟಾಯಿತು, ಒಳಗಿನ ಬೇಗೆ ಮಾತ್ರ ಹಾಗೆಯೇ ಉಳಿಯಿತು. ಕೈಯನ್ನು ತಡೆದವನು ಮನಸ್ಸನ್ನು ತೊಳೆಯಲಿಲ್ಲ. ಅದಕ್ಕೂ ಮೊದಲು ಒಂದು ಸುಳ್ಳು ಬಂದಿತ್ತು. ಕಂಡ ಸತ್ಯವನ್ನು ಮರ್ಯಾದೆಗೆ ಅಂಜಿ ಕನಸೆಂದ. ಆ ಸುಳ್ಳು ಇಲ್ಲದಿದ್ದರೆ ಶಾಂತಿಯ ಮಾತಿಲ್ಲ, ಬಲಿಯ ಮಾತಿಲ್ಲ, ಕೋಳಿಯ ಮಾತೂ ಇಲ್ಲ. ಕ್ರೋಧದ ಜೊತೆಗೆ ಮಾನ, ಮಾನದ ಜೊತೆಗೆ ಮಾಯೆ ಹೀಗೆ ಒಂದರ ಕೈ ಹಿಡಿದು ಒಂದು ಬಂದವು. ಕಾವ್ಯದ ಭಯಂಕರ ಸತ್ಯವೆಂದರೆ, ಈ ಪಾಪ ಘಟಿಸುವುದು ದುಷ್ಟನಿಂದಲ್ಲ, ಬಲಿಯನ್ನು ಒಲ್ಲೆನೆಂದ ಸಜ್ಜನನಿಂದ.

ಚಂದ್ರಮತಿಯನ್ನೂ ಮೂಢಳೆಂದು ಬದಿಗೆ ಸರಿಸಲಾಗದು. ಅವಳದು ಮಗನ ಮೇಲಿನ ಪ್ರೀತಿ. ಆದರೆ ಹಿಂಸೆಗೆ ಮೂರು ದಾರಿಗಳಿವೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು. ಕತ್ತಿ ಹಿಡಿದವನು ಮಗ, ಹಿಡಿಸಿದವಳು ತಾಯಿ. ಆದುದರಿಂದಲೇ ಮುಂದಿನ ಜನ್ಮಗಳಲ್ಲಿ ಇಬ್ಬರೂ ಜೊತೆಜೊತೆಗೆ ಅಲೆಯುತ್ತಾರೆ. ನಾಯಿಯಾದ ತಾಯಿಯೇ ನವಿಲಾದ ಮಗನನ್ನು ಕೊಲ್ಲುತ್ತಾಳೆ. ಪಿತೃಗಳ ತೃಪ್ತಿಗೆಂದು ಮಗ ಯಶೋಮತಿ ಮಾಡಿಸಿದ ಅಡುಗೆಗೆ ತಂದೆಯ ಜೀವವೇ ಆಹುತಿಯಾಗುತ್ತದೆ. ಹಿಟ್ಟಿನ ಕೋಳಿಯನ್ನು ಕಡಿದವರು ಕೊನೆಗೆ ತಾವೇ ಕೋಳಿಗಳಾಗುತ್ತಾರೆ. ಆ ಜನ್ಮದಲ್ಲಿ ಮುನಿಯ ಉಪದೇಶ ಕಿವಿಗೆ ಬಿದ್ದು, ವ್ರತ ಕೈಗೊಂಡು, ಹರ್ಷದಿಂದ ಕೂಗಿದಾಗ, ಆ ದನಿಯನ್ನೇ ಗುರಿಯಾಗಿಸಿ ಯಶೋಮತಿ ಬಾಣ ಬಿಡುತ್ತಾನೆ. ಮೊದಲ ಕೂಗು ಬಂಧನಕ್ಕೆ ಕಾರಣವಾಯಿತು. ಈ ಕೂಗು ಬಿಡುಗಡೆಯ ದಾರಿ ತೆರೆಯಿತು. ಅವರೇ ಯಶೋಮತಿಯ ಅವಳಿ ಮಕ್ಕಳಾಗಿ, ಅಭಯರುಚಿ–ಅಭಯಮತಿಯರಾಗಿ ಹುಟ್ಟುತ್ತಾರೆ.

ಇಂದಿನ ವಿದ್ಯಾರ್ಥಿನಿಯರು ಅಮೃತಮತಿಯ ಪರವಾಗಿ ವಾದಿಸುವುದುಂಟು. ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವೂ ರಾಣಿಯ ಅಂತರಂಗಕ್ಕೆ ಮಾತು ಕೊಟ್ಟಿದೆ. ಆ ವಾದಕ್ಕೆ ಅವಕಾಶವಿರಬೇಕು. ವಿಷವಿಕ್ಕಿದ್ದನ್ನು ಯಾರೂ ಸಮರ್ಥಿಸಲಾರರು, ಅದೂ ಸಂಕಲ್ಪಹಿಂಸೆಯೇ. ಆದರೆ ಅವಳನ್ನು ಜರೆಯುವುದರಲ್ಲೇ ಸುಖ ಕಾಣುವ ಓದುಗ, ಅವಳಿಗೆ ಒದಗಿದ ದುರ್ಗತಿಯನ್ನು ಮೆಚ್ಚುತ್ತ ಅನುಮೋದಿತದ ದಾರಿಗೆ ಕಾಲಿಟ್ಟಿರುತ್ತಾನೆ.

ಮಾರಿದತ್ತನ ಪಾತ್ರಕ್ಕೂ ಹೀಗೆಯೇ ನ್ಯಾಯ ಸಲ್ಲಬೇಕು. ಚಂಡಮಾರಿಗೆ ನರಬಲಿ ಕೊಡಲು ನಿಂತ ಅವನ ಮುಂದೆ ಅಭಯರುಚಿ ಅಂಜಲಿಲ್ಲ, ಶಪಿಸಲಿಲ್ಲ. ತನ್ನ ಹಿಂದಿನ ಜನ್ಮಗಳ ತಪ್ಪನ್ನೇ ಹೇಳಿಕೊಂಡ. ಕತ್ತಿ ಹಿಡಿದವನು ಕಿವಿಗೊಟ್ಟು ಕೇಳಿದ. ಕೇಳಿದ್ದರಿಂದಲೇ ಬದಲಾದ, ರಾಜ್ಯ ತೊರೆದು ದೀಕ್ಷೆ ಹಿಡಿದ. ಬಲಿ ಬೇಡುತ್ತಿದ್ದ ದೇವಿಯೇ ಇನ್ನು ಜೀವವಧೆ ಸಲ್ಲದೆಂದು ಸಾರಿದಳು. ಬೇರೆಯವರ ತಪ್ಪು ಎಣಿಸಿದ್ದರೆ ಈ ಪರಿವರ್ತನೆ ಆಗುತ್ತಿತ್ತೆ?

ಹೀಗೆ ಪ್ರಶ್ನಿಸುತ್ತ ಓದುವ ಪರಂಪರೆ ಈ ಸೀಮೆಗೆ ಅಪರಿಚಿತವಲ್ಲ. ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿ ಬಸದಿಯ ಶಾಸನ ಬರೆದದ್ದು, ಗದಾಯುದ್ಧದ ರನ್ನ ಮುಧೋಳದಲ್ಲಿ ಹುಟ್ಟಿದ್ದು ಹಿಂದಿನ ಅವಿಭಜಿತ ವಿಜಯಪುರ ಜಿಲ್ಲೆಯ ನೆಲದಲ್ಲೇ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ‘ಕವಿರಾಜಮಾರ್ಗ’ದ ಪರಿಸರದ ಸಾಹಿತ್ಯವನ್ನು ತಮ್ಮ ಸಂಶೋಧನೆಗೆ ಆರಿಸಿಕೊಂಡರು. ಹಳ್ಳಿಯ ಮಕ್ಕಳಿಗೆ ಹಳಗನ್ನಡ ಎಟುಕದೆಂಬ ಮಾತಿಗೆ ಇದೇ ಉತ್ತರ.

ಮಹಾನವಮಿಯಂದು ಕುಂಕುಮ ತುಂಬಿದ ಬೂದುಗುಂಬಳ ಒಡೆಯುವಾಗ, ಮೊಬೈಲಿನ ಆಟದಲ್ಲಿ ಎದುರಾಳಿಯನ್ನು ಕೊಂದು ಕುಣಿಯುವಾಗ, ‘ಇದು ನಿಜವಲ್ಲವಲ್ಲ’ ಎನ್ನುವುದು ಸುಲಭ. ಯಶೋಧರನೂ ಹಾಗೆಯೇ ಅಂದುಕೊಂಡಿದ್ದ. ಕಾಯಿ ಕಾಯಿಯೇ, ಆಟ ಆಟವೇ. ಆ ಹೊತ್ತಿನಲ್ಲಿ ನಮ್ಮ ಮನಸ್ಸು ಯಾರ ಮೇಲೆ ಕತ್ತಿಯೆತ್ತಿದೆ ಎಂಬುದನ್ನು ನಾವೇ ನೋಡಿಕೊಳ್ಳಬೇಕು. ಹೊರಳಿ ನೋಡಿ ತಿದ್ದಿಕೊಳ್ಳುವ ಈ ಅಭ್ಯಾಸಕ್ಕೆ ಜೈನರು ಪ್ರತಿಕ್ರಮಣವೆಂದರು. ಎಳ್ಳ ಅಮಾವಾಸ್ಯೆಯಂದು ಇದೇ ಎರೆಹೊಲಗಳಲ್ಲಿ ರೊಟ್ಟಿ, ಕಡುಬು, ಭಜ್ಜಿಯ ಎಡೆಯಿಟ್ಟು ಚರಗ ಚೆಲ್ಲುವ ಕೈಗಳಿವೆ. ಕೊಲ್ಲದೆ ಕೊಡುವ ಪೂಜೆಯ ಅರಿವು ನಮಗಿದೆ. ಪಾತ್ರವಿಮರ್ಶೆಯ ಹಾಳೆಯಲ್ಲಿ ಯಶೋಧರನ ಬಗ್ಗೆ ಬರೆದು ಮುಗಿಸಿದ ವಿದ್ಯಾರ್ಥಿ, ಕೊನೆಯಲ್ಲಿ ತನ್ನ ಬಗ್ಗೆಯೂ ಒಂದು ಸಾಲು ಮನಸ್ಸಿನಲ್ಲೇ ಬರೆದುಕೊಂಡರೆ, ಜನ್ನನ ಕಾವ್ಯ ಅವನಿಗೆ ನಿಜವಾಗಿ ದಕ್ಕಿತು.