ಜ್ವಾಲೆಯ ಬಣ್ಣವನ್ನು ಅಳೆಯುವ ಯಂತ್ರ

ಅಡುಗೆ ಉಪ್ಪು ನೀರಿನಲ್ಲಿ ಕರಗಿದಾಗ ಅದರಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್ ಎಂಬ ವಿದ್ಯುದಾವೇಶವುಳ್ಳ ಕಣಗಳು ಪರಸ್ಪರ ಬೇರ್ಪಟ್ಟು ಸಂಚರಿಸತೊಡಗುತ್ತವೆ. ಇಂಥ ಕಣಗಳಿಗೆ ಅಯಾನುಗಳೆಂದು ಹೆಸರು. ನೋಟಕ್ಕೆ ಬರೀ ನೀರಿನಂತಿರುವ ದ್ರಾವಣದಲ್ಲಿ ಯಾವ ಅಯಾನುಗಳಿವೆ ಎಂಬುದನ್ನು ಪತ್ತೆಹಚ್ಚುವುದೇ ಪಿಯುಸಿ ಪ್ರಯೋಗಾಲಯದ ಲವಣ ವಿಶ್ಲೇಷಣೆ.

ಕ್ಲೋರೈಡನ್ನು ಗುರುತಿಸಲು ದ್ರಾವಣಕ್ಕೆ ಸಿಲ್ವರ್ ನೈಟ್ರೇಟ್ ಸೇರಿಸುತ್ತಾರೆ. ಆಗ ಮೊಸರಿನಂಥ ಬಿಳಿಯ ಪ್ರಕ್ಷೇಪ, ಅಂದರೆ ಕರಗದೆ ಬೇರ್ಪಡುವ ಘನವಸ್ತು, ಕಾಣಿಸಿಕೊಳ್ಳುತ್ತದೆ ಮತ್ತು ಅಮೋನಿಯಾ ದ್ರಾವಣ ಹಾಕಿದರೆ ಅದು ಕರಗಿಹೋಗುತ್ತದೆ. ಆದರೆ ಕಾರ್ಬೊನೇಟ್ ಕೂಡ ಸಿಲ್ವರಿನೊಡನೆ ಪ್ರಕ್ಷೇಪ ಕೊಡುವುದರಿಂದ, ಮೊದಲೇ ಸಾರರಿಕ್ತ ನೈಟ್ರಿಕ್ ಆಮ್ಲ ಹಾಕಿ ಅದನ್ನು ಹೊರಗಟ್ಟಬೇಕು; ಇಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಬಳಸಿದವರು ತಾವೇ ಸುರಿದ ಕ್ಲೋರೈಡನ್ನು ತಾವೇ ಪತ್ತೆಹಚ್ಚಿದಂತಾಗುತ್ತದೆ.

ಸೋಡಿಯಂ, ಪೊಟ್ಯಾಸಿಯಂಗಳ ಲವಣಗಳಲ್ಲಿ ಬಹುಪಾಲು ನೀರಿನಲ್ಲಿ ಕರಗಿಬಿಡುವುದರಿಂದ ಪ್ರಕ್ಷೇಪದ ದಾರಿ ಅಲ್ಲಿ ಅಷ್ಟಾಗಿ ಸಾಗದು. ಆದ್ದರಿಂದ ಜ್ವಾಲಾ ಪರೀಕ್ಷೆ: ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ಶುಚಿಗೊಳಿಸಿದ ಪ್ಲಾಟಿನಂ ತಂತಿಯ ತುದಿಗೆ ಲವಣ ಹತ್ತಿಸಿ ಬರ್ನರಿನ ಉರಿಗೆ ಹಿಡಿದರೆ ಸೋಡಿಯಂ ಚಿನ್ನದ ಹಳದಿಯನ್ನೂ ಪೊಟ್ಯಾಸಿಯಂ ತೆಳು ನೇರಳೆಯನ್ನೂ ಕ್ಯಾಲ್ಸಿಯಂ ಇಟ್ಟಿಗೆ ಕೆಂಪನ್ನೂ ತೋರುತ್ತವೆ. ಉರಿಯಲ್ಲಿ ಸೋಡಿಯಂ ಅಯಾನು ಇಲೆಕ್ಟ್ರಾನನ್ನು ಮರಳಿ ಪಡೆದು ಪರಮಾಣುವಾಗುತ್ತದೆ. ಶಾಖದಿಂದ ಮೇಲಿನ ಶಕ್ತಿಮಟ್ಟಕ್ಕೆ ಏರಿದ ಇಲೆಕ್ಟ್ರಾನು ಕೆಳಗಿಳಿಯುವಾಗ ಆ ಧಾತುವಿಗೇ ವಿಶಿಷ್ಟವಾದ ತರಂಗದೂರದ ಬೆಳಕನ್ನು ಸೂಸುತ್ತದೆ. ಸೋಡಿಯಂನಲ್ಲಿ ಬೆಳಗುವುದು ಅಯಾನಲ್ಲ, ಪರಮಾಣು.

ಈ ಪರೀಕ್ಷೆಯ ದೌರ್ಬಲ್ಯವಿರುವುದು ನೋಡುವ ಕಣ್ಣಿನಲ್ಲಿ. ಬೆರಳಿನ ಬೆವರಿನಿಂದ ಬಂದ ಅಲ್ಪ ಸೋಡಿಯಂ ಕೂಡ ಪೊಟ್ಯಾಸಿಯಂನ ನೇರಳೆಯನ್ನು ಮುಚ್ಚಿಬಿಡುತ್ತದೆ. ಹಳದಿಯನ್ನು ತಡೆಯುವ ನೀಲಿ ಕೋಬಾಲ್ಟ್ ಗಾಜಿನ ಮೂಲಕ ನೋಡುವುದು ಅದಕ್ಕಾಗಿಯೇ. ಇದಕ್ಕಿಂತ ಸಮರ್ಥ ಉಪಾಯವನ್ನು ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ರಾಬರ್ಟ್ ಬುನ್ಸೆನ್ ಮತ್ತು ಗುಸ್ಟಾಫ್ ಕಿರ್ಖಾಫ್ ರೂಪಿಸಿದರು: ಜ್ವಾಲೆಯ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿ, ಬೇರ್ಪಟ್ಟ ಬಣ್ಣದ ಗೆರೆಗಳನ್ನು ಅವರು ರೋಹಿತದರ್ಶಕದಲ್ಲಿ ಪರಿಶೀಲಿಸಿದರು. 1860ರಲ್ಲಿ ಡ್ಯುರ್ಕ್‌ಹೈಮ್ ಚಿಲುಮೆಯ ಖನಿಜಜಲದಲ್ಲಿ ಕಂಡ ಅಪರಿಚಿತ ನೀಲಿ ಗೆರೆಗಳಿಂದ ಸೀಸಿಯಂ ಎಂಬ ಹೊಸ ಧಾತುವೂ ಮರುವರ್ಷ ಕೆಂಪು ಗೆರೆಗಳಿಂದ ರುಬಿಡಿಯಂ ಕೂಡ ಬೆಳಕಿಗೆ ಬಂದವು.

ಜ್ವಾಲಾ ದ್ಯುತಿಮಾಪಕ, ಅಂದರೆ ಫ್ಲೇಮ್ ಫೋಟೋಮೀಟರ್, ಇದೇ ತತ್ತ್ವದ ಯಂತ್ರ. ಗಾಳಿಯ ಸೆಳೆತದಿಂದ ದ್ರಾವಣವು ಸಣ್ಣ ಕೊಳವೆಯಲ್ಲಿ ಮೇಲೇರಿ, ಮಂಜಿನಂಥ ತುಂತುರಾಗಿ ಅನಿಲದ ಉರಿಗೆ ಸೇರುತ್ತದೆ. ಬೇಕಾದ ತರಂಗದೂರವನ್ನಷ್ಟೇ ಬಿಡುವ ಶೋಧಕ ಗಾಜನ್ನು ದಾಟಿದ ಬೆಳಕು ಸಂವೇದಕದ ಮೇಲೆ ಬಿದ್ದು ವಿದ್ಯುತ್ ಸಂಕೇತವಾಗುತ್ತದೆ. ಸೋಡಿಯಂಗೆ 589 ನ್ಯಾನೊಮೀಟರ್, ಪೊಟ್ಯಾಸಿಯಂಗೆ 766 ನ್ಯಾನೊಮೀಟರ್. ಪೊಟ್ಯಾಸಿಯಂನ ಈ ಪ್ರಬಲ ಬೆಳಕು ದೃಷ್ಟಿಯ ಅಂಚಿನಲ್ಲಿದ್ದು ಮನುಷ್ಯನ ಕಣ್ಣಿಗೆ ಬಹಳ ಮಂದ. ವಿದ್ಯಾರ್ಥಿ ಕಾಣುವ ನೇರಳೆ ಅದರದೇ ಇನ್ನೊಂದು ದುರ್ಬಲ ಗೆರೆಯದು. ಕಣ್ಣು ಕಳೆದುಕೊಳ್ಳುವುದನ್ನೇ ಯಂತ್ರ ಹಿಡಿಯುತ್ತದೆ.

ಯಂತ್ರದ ಹೆಚ್ಚುಗಾರಿಕೆಯೆಂದರೆ ‘ಇದೆಯೇ’ ಎಂಬುದರ ಜೊತೆಗೆ ‘ಎಷ್ಟಿದೆ’ ಎಂಬ ಪ್ರಶ್ನೆಗೂ ಅದು ಉತ್ತರಿಸುತ್ತದೆ. ಆದರೆ ಆ ಉತ್ತರ ತಾನಾಗಿ ಬಾರದು: ಪ್ರಮಾಣ ಗೊತ್ತಿರುವ ಹಲವು ದ್ರಾವಣಗಳನ್ನು ಮೊದಲು ಉರಿಸಿ, ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿ ರೇಖೆ ಎಳೆದ ಮೇಲಷ್ಟೇ ಅಜ್ಞಾತ ದ್ರಾವಣದ ಪ್ರಮಾಣವನ್ನು ಓದಬಹುದು. ಆ ದ್ರಾವಣಗಳನ್ನು ತಯಾರಿಸುವಾಗ ತಪ್ಪಿದರೆ ಯಂತ್ರವೂ ತಪ್ಪನ್ನೇ ಹೇಳುತ್ತದೆ. ರಕ್ತದ ಸೀರಂನಲ್ಲಿ ಪೊಟ್ಯಾಸಿಯಂ ಲೀಟರಿಗೆ ಸುಮಾರು 3.5ರಿಂದ 5 ಮಿಲಿಮೋಲ್‌ಗಳಷ್ಟು ಇರಬೇಕು. ಇಷ್ಟು ಕಿರಿದಾದ ಅಂತರವನ್ನು ಜ್ವಾಲೆಯ ಬಣ್ಣ ನೋಡಿ ಹೇಳಲು ಯಾರಿಂದಲೂ ಆಗದು. ಮಣ್ಣು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಅಮೋನಿಯಂ ಅಸಿಟೇಟ್ ದ್ರಾವಣದಿಂದ ಹೊರತೆಗೆದ ಪೊಟ್ಯಾಷ್ ಅಂಶವನ್ನು ಅಳೆಯುವುದೂ ಈ ಯಂತ್ರದಿಂದಲೇ.

ಹಾಗಿದ್ದೂ ಈ ಯಂತ್ರದ ವ್ಯಾಪ್ತಿ ಚಿಕ್ಕದು. ಸುಲಭವಾಗಿ ಬೆಳಗುವ ಕೆಲವೇ ಲೋಹಗಳಿಗೆ ಅದು ತಕ್ಕದ್ದು. ದ್ರಾವಣದ ಸೋಡಿಯಂ ಬಂದದ್ದು ಕ್ಲೋರೈಡಿನಿಂದಲೋ ಸಲ್ಫೇಟಿನಿಂದಲೋ ಎಂಬುದನ್ನು ಅದು ತಿಳಿಸದು. ಅದನ್ನು ತಿಳಿಯಲು ಪ್ರಯೋಗಾಲಯಗಳು ಇಂದಿಗೂ ಸಿಲ್ವರ್ ನೈಟ್ರೇಟ್ ಮತ್ತು ಸಲ್ಫೇಟನ್ನು ಗುರುತಿಸುವ ಬೇರಿಯಂ ಕ್ಲೋರೈಡ್ ಬಾಟಲಿಗಳನ್ನು ಇಟ್ಟುಕೊಂಡಿವೆ.