‘ಸಂಸ್ಕಾರ’ದ ಕತ್ತಲೆ

ಭೂಗತ ಚಿತ್ರ, ಕರಾಳ ಸೌಂದರ್ಯ ಎಂಬ ಮಾತುಗಳು ಪಶ್ಚಿಮದಿಂದ ಬಂದವು. ಕನ್ನಡದಲ್ಲಿ ಅವಕ್ಕೆ ಸಮೀಪವಾದುದನ್ನು ಅರಸಿದರೆ ನನಗೆ ನೆನಪಾಗುವುದು 1970ರ ‘ಸಂಸ್ಕಾರ’. ಸ್ಟುಡಿಯೋಗಳ ಹೊರಗೆ ಕೂಡಿದ ಗೆಳೆಯರ ಬಳಗವೊಂದು ಅದನ್ನು ನಿರ್ಮಿಸಿತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ. ನಟರಾದ ಗಿರೀಶ ಕಾರ್ನಾಡ, ಪಿ. ಲಂಕೇಶರು ಲೇಖಕರು, ಛಾಯಾಗ್ರಾಹಕ ಟಾಮ್ ಕೋವನ್ ಆಸ್ಟ್ರೇಲಿಯದವರು.

ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಈ ಕಪ್ಪುಬಿಳುಪು ಚಿತ್ರದಲ್ಲಿ, ಆಚಾರಗೆಟ್ಟ ನಾರಣಪ್ಪನ ಹೆಣ ಅಗ್ರಹಾರದಲ್ಲಿ ಕೊಳೆಯುತ್ತದೆ. ಸಂಸ್ಕಾರ ಮಾಡಬೇಕಾದವರು ಯಾರೆಂದು ತೀರ್ಮಾನವಾಗದೆ ಯಾರೂ ಉಣ್ಣುವಂತಿಲ್ಲ. ಹೆಣ ಎತ್ತುವ ತನಕ ಒಲೆ ಹೊತ್ತಿಸದ ನಮ್ಮ ಆಳಂದ ಸೀಮೆಯ ಕಿಣ್ಣಿ ಸುಲ್ತಾನದಂತಹ ಹಳ್ಳಿಗಳವರಿಗೆ ಆ ಹಸಿವನ್ನು ಬಿಡಿಸಿ ಹೇಳಬೇಕಿಲ್ಲ. ಹಗಲಿನ ಶಾಸ್ತ್ರಚರ್ಚೆ ಬಗೆಹರಿಸದುದನ್ನು ನಾರಣಪ್ಪನ ಸಂಗಾತಿ ಚಂದ್ರಿ ಇರುಳಿನಲ್ಲಿ, ಮುಸಲ್ಮಾನನೊಬ್ಬನ ನೆರವಿನಿಂದ, ಗುಟ್ಟಾಗಿ ಮುಗಿಸುತ್ತಾಳೆ. ಇಲ್ಲಿ ಕತ್ತಲೆಯೆಂಬುದು ಬರಿಯ ಅಲಂಕಾರವಲ್ಲ. ಕರುಣೆಗೆ ಉಳಿದ ಒಂದೇ ತಾವು.

ಸೆನ್ಸಾರ್ ಮಂಡಳಿ ಈ ಚಿತ್ರವನ್ನು ತಡೆಯಿತು. ತಡೆ ತೆರವಾದ ಮೇಲೆ ಅದಕ್ಕೆ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿ ಸಂದಿತು. ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಬಂಧಿತರಾದರು. ಬೆಂಗಳೂರಿನ ಸೆರೆಮನೆಯಲ್ಲಿ ಅವರ ಆರೋಗ್ಯ ಕೆಟ್ಟಿತು; ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಚಂದ್ರಿಯ ಧೈರ್ಯ ಅವರಿಗೆ ನಟನೆಯಷ್ಟೇ ಆಗಿರಲಿಲ್ಲ.